ಹೊಸ ಮನೆಯ ಒಳಗೋಡೆಗಳಿಗೆ ಯಾವ ಬಿಳಿ ಹೊಂದೀತು? ಉಡುಪಿ ಕಡೆಯ ಬೆಳಕು ಬಲ್ಲವರ ಸಲಹೆ ಬೇಕಾಗಿದೆ

ಪ್ರಶ್ನೆ
ಬರೆದವರು: ಬ್ರಹ್ಮಾವರ ನಿವಾಸಿ

ಎಲ್ಲರಿಗೂ ನಮಸ್ಕಾರ. ಬ್ರಹ್ಮಾವರದ ಹತ್ತಿರ ನಾವು ಕಟ್ಟಿಸುತ್ತಿರುವ ಮನೆ ಬಣ್ಣದ ಹಂತಕ್ಕೆ ಬಂದಿದೆ. ಗೋಡೆಗಳು ಕೆಂಪುಕಲ್ಲಿನವು, ಸಾರಣೆ ಮುಗಿದಿದೆ, ಪುಟ್ಟಿಯ ಕೆಲಸ ನಡೆಯುತ್ತಿದೆ. ಒಳಗೆಲ್ಲ ಬಿಳಿಯೇ ಇರಲಿ ಎಂಬುದರಲ್ಲಿ ಮನೆಮಂದಿಗೆ ಒಮ್ಮತವಿದೆ. ಯಾವ ಬಿಳಿ ಎಂಬಲ್ಲಿ ಮಾತ್ರ ಒಬ್ಬೊಬ್ಬರದು ಒಂದೊಂದು ಅಭಿಪ್ರಾಯ. ಅಮ್ಮನಿಗೆ ಹಿಂದಿನ ಮನೆಯ ಸುಣ್ಣದ ಬಿಳುಪೇ ಬೇಕು. ನನ್ನ ಹೆಂಡತಿಗೆ ಸ್ವಲ್ಪ ಕೆನೆ ಬಣ್ಣಕ್ಕೆ ತಿರುಗಿದ ಬಿಳಿ ಇಷ್ಟ. ಪೈಂಟಿನ ಮೇಸ್ತ್ರಿಯವರು ಬಕೆಟಿನಲ್ಲಿ ತಯಾರಾಗಿ ಬರುವ ಬಿಳಿಯನ್ನೇ ಹಚ್ಚಿದರೆ ಸಾಕು, ಮುಂದೆ ತೇಪೆ ಹಾಕುವುದಕ್ಕೂ ಸುಲಭ ಎನ್ನುತ್ತಾರೆ. ಅಂಗಡಿಯಿಂದ ತಂದ ಶೇಡ್ ಕಾರ್ಡಿನಲ್ಲಿ ಬಿಳಿಗೇ ಹಲವು ಪುಟಗಳಿವೆ. ಕಾರ್ಡಿನಲ್ಲಿ ಒಂದೇ ಎನಿಸಿದ ಎರಡು ಬಿಳಿಗಳು ಗೋಡೆಯ ಹತ್ತಿರ ಹಿಡಿದಾಗ ಒಂದು ಗುಲಾಬಿಯಾಗಿ, ಇನ್ನೊಂದು ಬೂದಿಯಾಗಿ ಕಾಣುತ್ತವೆ.

ಮನೆಯ ವಿವರ ಹೀಗಿದೆ. ಮನೆ ಮೂಡುಮುಖವಾಗಿದ್ದು, ಎದುರಿನ ಅಂಗಳಕ್ಕೆ ಕೆಂಪು ಇಂಟರ್‌ಲಾಕ್ ಹಾಸಿದ್ದೇವೆ. ಚಾವಡಿಗೆ ರೆಡ್ ಆಕ್ಸೈಡ್ ನೆಲ ಮತ್ತು ಮರದ ಮುಚ್ಚಿಗೆಯಿದೆ. ಉಳಿದ ಕೋಣೆಗಳಿಗೆ ಐವರಿ ಬಣ್ಣದ ವಿಟ್ರಿಫೈಡ್ ಟೈಲ್ಸ್. ತೆಂಕು ಬದಿಯ ಎರಡು ಮಲಗುವ ಕೋಣೆಗಳ ಕಿಟಕಿಗಳಿಗೆ ತಾಗಿದಂತೆ ಅಡಿಕೆ ತೋಟವಿದೆ. ಬಡಗು ಬದಿಗೆ ಅಡಿಗೆಕೋಣೆ ಮತ್ತು ಊಟದ ಕೋಣೆ, ಪಡುವಿಗೆ ಗದ್ದೆಯ ಬೈಲು. ಹಂಚಿನ ಮಾಡಿನ ಸೂರು ಸುತ್ತಲೂ ನಾಲ್ಕಡಿ ಹೊರಚಾಚಿದೆ. ಬಾಗಿಲು ಕಿಟಕಿಗಳು ಹಲಸಿನ ಮರದವು, ಕಿಟಕಿಯ ಸರಳುಗಳಿಗೆ ಬಿಳಿ ಬಣ್ಣ ಹಚ್ಚುವ ಯೋಚನೆಯಿದೆ.

ಅಂತರ್ಜಾಲದಲ್ಲಿ ಓದಿದಲ್ಲೆಲ್ಲ ಉತ್ತರದ ಕೋಣೆಗೆ ಹಳದಿ ಬೆರೆತ ಬಿಳಿ, ದಕ್ಷಿಣದ ಕೋಣೆಗೆ ನೀಲಿ ಬೆರೆತ ಬಿಳಿ ಎಂಬ ಸೂತ್ರವೇ ಸಿಗುತ್ತದೆ. ಅದು ನಮ್ಮ ಕಡೆಗೂ ಅನ್ವಯಿಸುತ್ತದೆಯೇ? ಮನೆಗೆಲ್ಲ ಒಂದೇ ಬಿಳಿ ಸಾಕೇ, ಅಥವಾ ಕೋಣೆಗೊಂದು ಬೇಕೇ? ಗೃಹಪ್ರವೇಶ ಫೆಬ್ರವರಿಯಲ್ಲಿದೆ, ಆದುದರಿಂದ ತೀರ್ಮಾನಕ್ಕೆ ಕೆಲವು ವಾರಗಳ ಸಮಯವಿದೆ.


ಉತ್ತರ
ಬರೆದವರು: ವಾಸ್ತುಶಿಲ್ಪಿ, ಮಂಗಳೂರು

ಕೋಣೆಗಳ ದಿಕ್ಕು, ನೆಲ, ಸೂರು, ತೋಟ ಎಲ್ಲವನ್ನೂ ಬರೆದಿರುವುದರಿಂದ ಉತ್ತರಿಸುವುದು ಸುಲಭವಾಯಿತು. ಬಿಳಿಯ ಆಯ್ಕೆಯಲ್ಲಿ ಈ ವಿವರಗಳೇ ಮುಖ್ಯ, ಶೇಡ್ ಕಾರ್ಡು ಆಮೇಲಿನದು.

ಮೊದಲು ದಿಕ್ಕಿನ ಸೂತ್ರದ ವಿಚಾರ. ಅದು ಯುರೋಪು ಮತ್ತು ಉತ್ತರ ಅಮೆರಿಕದ ಮನೆಗಳನ್ನು ನೋಡಿ ಹೇಳಿದ ಮಾತು. ಲಂಡನ್ ನಗರ 51 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ; ಅಲ್ಲಿ ನಡುಹಗಲ ಸೂರ್ಯ ವರ್ಷವಿಡೀ ದಕ್ಷಿಣದಲ್ಲಿಯೇ ಇರುವುದರಿಂದ ಉತ್ತರದ ಕೋಣೆಗೆ ಬರುವುದು ಬಹುಮಟ್ಟಿಗೆ ಆಕಾಶದ ನೀಲಿ ಬೆಳಕು ಮಾತ್ರ, ಅದನ್ನು ಸರಿತೂಗಿಸಲು ಹಳದಿ ಬೆರೆತ ಬಿಳಿ ಬೇಕಾಗುತ್ತದೆ. ಉಡುಪಿ ಇರುವುದು 13 ಡಿಗ್ರಿಯಲ್ಲಿ. ಇಲ್ಲಿ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲ ಸೂರ್ಯ ನೆತ್ತಿಯನ್ನು ದಾಟಿ ಬಡಗಿಗೆ ವಾಲಿರುತ್ತಾನೆ. ಮೇ ತಿಂಗಳ ಬಿಸಿಲು ನಿಮ್ಮ ಬಡಗು ಗೋಡೆಯ ಮೇಲೆಯೇ ಬೀಳುತ್ತದೆ, ತೆಂಕು ಗೋಡೆ ಆಗ ನೆರಳಿನಲ್ಲಿರುತ್ತದೆ. ಜೂನ್ ಬಂದ ಮೇಲೆ ಮೋಡ ಕವಿದು ನಾಲ್ಕು ದಿಕ್ಕಿಗೂ ಬೂದಿ ಬೆಳಕೇ ಆಗುತ್ತದೆ. ಹಾಗಾಗಿ ಆ ಸೂತ್ರವನ್ನು ನಮ್ಮ ಊರಿಗೆ ತಂದರೆ ಪ್ರಯೋಜನವಿಲ್ಲ.

ಇನ್ನು ಸೂರಿನ ವಿಚಾರ. ಡಿಸೆಂಬರಿನ ನಡುಹಗಲಿನಲ್ಲಿ ನಮ್ಮಲ್ಲಿ ಸೂರ್ಯ ಸುಮಾರು 53 ಡಿಗ್ರಿ ಎತ್ತರದಲ್ಲಿರುತ್ತಾನೆ. ತೆಂಕು ಬದಿಗೆ ವರ್ಷದಲ್ಲೇ ಹೆಚ್ಚು ಓರೆಯಾಗಿ ಬಿಸಿಲು ಬೀಳುವ ಕಾಲ ಅದು. ಆಗಲೂ ನಾಲ್ಕಡಿಯ ಸೂರು ತನ್ನ ಕೆಳಗಿನ ಐದಡಿಗೂ ಹೆಚ್ಚು ಗೋಡೆಯನ್ನು ನೆರಳಿನಲ್ಲಿಡುತ್ತದೆ, ಕಿಟಕಿಯ ಬಹುಭಾಗ ಅದರೊಳಗೆ ಬರುತ್ತದೆ. ಹಾಗಿದ್ದ ಮೇಲೆ ನಿಮ್ಮ ಕೋಣೆಗಳಿಗೆ ಬರುವ ಬೆಳಕು ಎಲ್ಲಿಯದು? ಹೆಚ್ಚಿನ ಪಾಲು ಅಂಗಳದ ಇಂಟರ್‌ಲಾಕಿಗೆ, ತೋಟದ ಎಲೆಗೆ, ಚಾವಡಿಯ ನೆಲಕ್ಕೆ ತಾಗಿ, ಅವುಗಳ ಬಣ್ಣವನ್ನು ಹೊತ್ತುಕೊಂಡು, ಕೆಳಗಿನಿಂದ ಮೇಲಕ್ಕೆ ಏರಿ ಗೋಡೆಗೆ ಬರುವ ಬೆಳಕು. ಕರಾವಳಿಯ ಸೂರು ಇಳಿಬಿಟ್ಟ ಮನೆಗಳಲ್ಲಿ ಬಿಳಿಯನ್ನು ನಿರ್ಧರಿಸುವುದು ಈ ಪ್ರತಿಫಲನವೇ. ದಿಕ್ಕಿಗಿಂತ ಇದಕ್ಕೆ ಹೆಚ್ಚು ಬೆಲೆ ಕೊಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ನಿಮ್ಮ ಚಾವಡಿಯಲ್ಲಿಯೇ ಇದನ್ನು ನೋಡಬಹುದು. ಬೆಳಿಗ್ಗೆ ಎಂಟು ಗಂಟೆಯ ಹೊತ್ತಿಗೆ ಮೂಡು ಬಾಗಿಲು ತೆರೆದು, ಬಿಸಿಲು ರೆಡ್ ಆಕ್ಸೈಡ್ ನೆಲದ ಮೇಲೆ ಬಿದ್ದಿರುವಾಗ, ಪುಟ್ಟಿ ಹಾಕಿದ ಗೋಡೆಯ ಬುಡವನ್ನು ಗಮನಿಸಿ. ನೆಲದಿಂದ ಮೊಣಕಾಲೆತ್ತರದವರೆಗೆ ಗೋಡೆ ಸ್ಪಷ್ಟವಾಗಿ ಗುಲಾಬಿಯಾಗಿರುತ್ತದೆ, ಮೇಲೆ ಹೋದಂತೆ ಆ ಛಾಯೆ ತೆಳುವಾಗುತ್ತದೆ, ಮುಚ್ಚಿಗೆಯ ಹತ್ತಿರ ಮರದ ಕಂದು ಬೆರೆಯುತ್ತದೆ. ನೆಲಕ್ಕೆ ಎಣ್ಣೆ ಅಥವಾ ಮೇಣ ಹಾಕಿ ಉಜ್ಜಿ ಹೊಳಪು ಬಂದ ಮೇಲೆ ಇದು ಇನ್ನೂ ಹೆಚ್ಚುತ್ತದೆ. ಇಂಥ ಗೋಡೆಗೆ ನೀಲಿ ಬೆರೆತ ಬಿಳಿಯನ್ನು ಹಚ್ಚಿದರೆ ಕೆಂಪು ಮತ್ತು ನೀಲಿ ಸೇರಿ ಬುಡದಲ್ಲಿ ನೇರಳೆ ಛಾಯೆ ಏಳುತ್ತದೆ. ಗುಲಾಬಿ ಬೆರೆತ ಬಿಳಿಯನ್ನು ಹಚ್ಚಿದರೆ ಗೋಡೆಯೆಲ್ಲ ಮೈಬಣ್ಣಕ್ಕೆ ತಿರುಗುತ್ತದೆ. ಕಣ್ಣಿಗೆ ಕಂಡೂ ಕಾಣದಷ್ಟು ಹಸಿರು ಅಥವಾ ಬೂದಿ ಬೆರೆತ, ಮೃದುವಾದ ಬಿಳಿ ಅಲ್ಲಿ ಹೊಂದುತ್ತದೆ. ನೆಲದ ಕೆಂಪನ್ನು ಅದು ತಣಿಸಿ, ನೋಡುವವರಿಗೆ ಬರೇ ಬಿಳಿಯಾಗಿ ಕಾಣಿಸುತ್ತದೆ.

ತೆಂಕಿನ ಮಲಗುವ ಕೋಣೆಗಳಲ್ಲಿ ಇದರ ವಿರುದ್ಧದ ಪರಿಸ್ಥಿತಿ. ಅಡಿಕೆ ತೋಟದ ಬೆಳಕು ಹಸಿರು, ಮಳೆಗಾಲದಲ್ಲಂತೂ ದಟ್ಟ ಹಸಿರು. ಅಲ್ಲಿ ನಿಮ್ಮ ಹೆಂಡತಿಯವರು ಬಯಸುವ ಕೆನೆಬಿಳಿಯಲ್ಲಿ ಹಳದಿಯ ಅಂಶ ಹೆಚ್ಚಿದ್ದರೆ, ಹಸಿರು ಮತ್ತು ಹಳದಿ ಕೂಡಿ ಗೋಡೆ ಜುಲೈ ತಿಂಗಳಲ್ಲಿ ಕಳೆಗುಂದಿದ ಲಿಂಬೆ ಬಣ್ಣಕ್ಕೆ ಹೋಗುತ್ತದೆ. ಆದರೆ ಬೆಚ್ಚಗಿನ ಬಿಳಿ ಬೇಕೆಂಬ ಅವರ ಆಸೆ ಸರಿಯಾದದ್ದೇ. ಹಳದಿಯ ಬದಲು ಕೆಂಪಿನ ಕಡೆಗೆ ಒಂದಿಷ್ಟು ವಾಲಿದ ಬೆಚ್ಚಗಿನ ಬಿಳಿಯನ್ನು ಆರಿಸಿದರೆ ಅದು ತೋಟದ ಹಸಿರನ್ನು ಸಮತೂಗಿಸುತ್ತದೆ.

ಕಾರ್ಡಿನಲ್ಲಿ ಈ ಒಳಛಾಯೆಯನ್ನು ಗುರುತಿಸುವುದಕ್ಕೆ ಒಂದು ಸರಳ ಉಪಾಯವಿದೆ. ಒಂದೇ ಪಟ್ಟಿಯಲ್ಲಿ ತಿಳಿಯಿಂದ ಗಾಢದವರೆಗೆ ಅಚ್ಚಾಗಿರುವ ಕಾರ್ಡಾದರೆ, ತುದಿಯ ಗಾಢ ಬಣ್ಣವನ್ನು ನೋಡಿ. ಅದು ಕಂದು ಗುಲಾಬಿಯಾಗಿದ್ದರೆ ಮೇಲಿನ ಬಿಳಿಯಲ್ಲಿರುವುದೂ ಸಾಮಾನ್ಯವಾಗಿ ಅದೇ. ಬಿಳಿ ಕಾಗದದ ಮೇಲಿಟ್ಟು ಹೋಲಿಸುವ ಅಭ್ಯಾಸ ಹಲವರಿಗಿದೆ. ಮುದ್ರಣದ ಕಾಗದಕ್ಕೆ ಹೊಳಪು ಕೊಡುವ ರಾಸಾಯನಿಕ ಸೇರಿಸಿರುವುದರಿಂದ ಅದು ತುಸು ನೀಲಿಯಾಗಿರುತ್ತದೆ, ಅದರ ಪಕ್ಕದಲ್ಲಿ ಎಲ್ಲ ಬಿಳಿಗಳೂ ಹಳದಿಯಾಗಿಯೇ ಕಾಣುತ್ತವೆ. ಕಾಗದವನ್ನು ಬದಿಗಿಟ್ಟು ಶೇಡ್‌ಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ, ಆಮೇಲೆ ನಿಮ್ಮ ಐವರಿ ಟೈಲ್ಸಿನ ತುಂಡಿನ ಮೇಲೆಯೇ ಇಟ್ಟು ನೋಡಿ. ಟೈಲ್ಸ್ ಹಳದಿಗೆ ವಾಲಿದ್ದು ಗೋಡೆ ನೀಲಿಬಿಳಿಯಾದರೆ, ನಿತ್ಯ ಒರೆಸಿದರೂ ನೆಲ ಕೊಳೆಯಾದಂತೆ ತೋರುತ್ತದೆ.

ಹಲವು ಕಂಪೆನಿಗಳು ಪ್ರತಿ ಶೇಡಿಗೂ ಎಲ್‌ಆರ್‌ವಿ ಎಂಬ ಅಂಕೆಯನ್ನು ಕೊಡುತ್ತವೆ. ಬಿದ್ದ ಬೆಳಕಿನಲ್ಲಿ ಎಷ್ಟು ಪಾಲು ತಿರುಗಿ ಬರುತ್ತದೆ ಎಂಬುದನ್ನು ಅದು 0ಯಿಂದ 100ರ ಅಳತೆಯಲ್ಲಿ ಹೇಳುತ್ತದೆ. ಸೂರು ಇಳಿಬಿಟ್ಟ ಮನೆಯ ಒಳಗೋಡೆಗೆ 80ರ ಮೇಲಿರುವುದನ್ನೇ ಆರಿಸುವುದು ಒಳ್ಳೆಯದು, ಇಲ್ಲದಿದ್ದರೆ ಆಟಿ ತಿಂಗಳ, ಅಂದರೆ ಜುಲೈ-ಆಗಸ್ಟಿನ ಮಳೆಗಾಲದ, ಮಧ್ಯಾಹ್ನಗಳಲ್ಲಿ ಕೋಣೆ ಮಂಕಾಗುತ್ತದೆ. ಆದರೆ ಅಂಕೆ ಒಂದೇ ಇದ್ದ ಮಾತ್ರಕ್ಕೆ ಎರಡು ಬಿಳಿಗಳ ಛಾಯೆ ಒಂದೇ ಆಗುವುದಿಲ್ಲ.

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರವೆಂದರೆ, ಕೋಣೆಗೊಂದು ಬಿಳಿ ಬೇಡ. ಬಾಗಿಲಿನ ಎಡೆಯಿಂದ ಒಂದು ಕೋಣೆಯ ಗೋಡೆ ಇನ್ನೊಂದರ ಜೊತೆ ಕಾಣುವಾಗ ಸಣ್ಣ ವ್ಯತ್ಯಾಸವೂ ತಪ್ಪಿನಂತೆ ತೋರುತ್ತದೆ. ಚಾವಡಿ, ಊಟದ ಕೋಣೆ, ಅಡಿಗೆಕೋಣೆಗಳಿಗೆ ಒಂದು, ಬಾಗಿಲು ಹಾಕಿಕೊಳ್ಳುವ ಮಲಗುವ ಕೋಣೆಗಳಿಗೆ ಇನ್ನೊಂದು, ಅಷ್ಟು ಸಾಕು. ತಾರಸಿಯ ಕೆಳಭಾಗಕ್ಕೆ ಮೇಸ್ತ್ರಿಯವರು ಹೇಳುವ ಬಕೆಟಿನ ಬಿಳಿಯನ್ನೇ ಹಚ್ಚಬಹುದು.


ಉತ್ತರ
ಬರೆದವರು: ಪೈಂಟ್ ವ್ಯಾಪಾರಿ, ಉಡುಪಿ

ಮೇಲಿನ ಉತ್ತರದಲ್ಲಿ ಬೆಳಕಿನ ವಿಚಾರ ಸ್ಪಷ್ಟವಾಗಿ ಬಂದಿದೆ. ಡಬ್ಬಿಯೊಳಗಿನ ವಿಚಾರವನ್ನು ನಾನು ಹೇಳುತ್ತೇನೆ.

ಇಂದಿನ ಬಹುತೇಕ ಬಿಳಿ ಪೈಂಟುಗಳ ಬಿಳುಪಿಗೆ ಮೂಲ ಟೈಟಾನಿಯಂ ಡೈಆಕ್ಸೈಡ್. ಅಗ್ಗದ ಪೈಂಟಿನಲ್ಲಿ ಇದನ್ನು ಕಡಿಮೆ ಮಾಡಿ ಸುಣ್ಣಕಲ್ಲಿನ ಪುಡಿಯಂಥ ಭರ್ತಿಯನ್ನು ಹೆಚ್ಚಿಸಿರುತ್ತಾರೆ. ಹಸಿಯಾಗಿರುವಾಗ ಒಂದು ರೀತಿ, ಒಣಗಿದಾಗ ಇನ್ನೊಂದು ರೀತಿ ಕಾಣುವುದಕ್ಕೆ, ಎರಡು ಕೋಟಿನ ಮೇಲೂ ಒಳಗಿನ ಪುಟ್ಟಿಯ ತೇಪೆಗಳು ಇಣುಕುವುದಕ್ಕೆ ಅದೇ ಕಾರಣ. ತಯಾರಾಗಿ ಬರುವ ಬಿಳಿಗೂ ಕಂಪೆನಿಗಳು ಬಹಳ ಸಲ ಅತಿ ಕಡಿಮೆ ಪ್ರಮಾಣದಲ್ಲಿ ನೀಲಿ ಅಥವಾ ನೇರಳೆ ಛಾಯೆ ಸೇರಿಸಿರುತ್ತವೆ. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಅದು ಬಹಳ ಶುಭ್ರವಾಗಿ ಕಾಣುವುದು ಹಾಗಾಗಿಯೇ. ಹಲಸಿನ ಮರದ ಬಾಗಿಲಿನ ಪಕ್ಕದಲ್ಲಿ ಆ ಬಿಳಿ ಬಂದರೆ ಮರ ಕಿತ್ತಳೆಯಾಗಿ ಎದ್ದು ಕಾಣುತ್ತದೆ. ಹಲಸು ವರ್ಷ ಹೋದಂತೆ ಹಳದಿಯಿಂದ ಕೆಂಗಂದಿಗೆ ತಿರುಗುವ ಮರವಾದುದರಿಂದ, ಇಂದಿನ ಹಳದಿಗೆ ಹೊಂದಿಸಿ ಕೆನೆಬಿಳಿಯನ್ನು ಆರಿಸುವುದರಲ್ಲೂ ಅರ್ಥವಿಲ್ಲ. ತಟಸ್ಥವಾದ ಮೃದು ಬಿಳಿ ಎರಡು ಕಾಲಕ್ಕೂ ಸಲ್ಲುತ್ತದೆ.

ಐವರಿ, ಪರ್ಲ್, ಆಫ್ ವೈಟ್ ಎಂಬ ಹೆಸರುಗಳನ್ನು ನಂಬಿ ಖರೀದಿಸಬೇಡಿ. ಒಂದು ಕಂಪೆನಿಯ ಐವರಿ ಇನ್ನೊಂದರ ಕ್ರೀಮ್‌ಗಿಂತ ಗಾಢವಾಗಿರಬಹುದು. ಶೇಡಿನ ಸಂಖ್ಯೆಯನ್ನು ಬರೆದುಕೊಳ್ಳಿ, ಜೊತೆಗೆ ಯಾವ ದರ್ಜೆಯ ಪೈಂಟ್ ಎಂಬುದನ್ನೂ ಬರೆದುಕೊಳ್ಳಿ. ಒಂದೇ ಸಂಖ್ಯೆಯ ಶೇಡನ್ನು ಮ್ಯಾಟ್ ಪೈಂಟಿನಲ್ಲಿಯೂ ಹೊಳಪಿನ ಪೈಂಟಿನಲ್ಲಿಯೂ ಮಾಡಿಸಿ ಪಕ್ಕಪಕ್ಕ ಹಚ್ಚಿದರೆ ಎರಡೂ ಬೇರೆ ಬೇರೆಯಾಗಿ ಕಾಣುತ್ತವೆ. ಕೆಂಪುಕಲ್ಲಿನ ಗೋಡೆಯ ಸಾರಣೆ ಕೆಲವೊಮ್ಮೆ ಪೂರ್ತಿ ಸಮತಟ್ಟಾಗಿರುವುದಿಲ್ಲ. ಹೊಳಪಿನ ಪೈಂಟ್ ಸಂಜೆಯ ಪಡು ಬಿಸಿಲಿನಲ್ಲಿ ಪುಟ್ಟಿಯ ಒಂದೊಂದು ಏರುತಗ್ಗನ್ನೂ ತೋರಿಸಿಕೊಡುತ್ತದೆ. ಚಾವಡಿಗೆ ಮ್ಯಾಟ್, ಅಡಿಗೆಕೋಣೆಗೆ ಒರೆಸಿದರೆ ಹೋಗುವಂತೆ ಸ್ವಲ್ಪ ಹೊಳಪಿನದು, ಇದು ನನ್ನ ಸಲಹೆ.

ಶೇಡನ್ನು ಅಂತಿಮಗೊಳಿಸುವ ಮೊದಲು ಮಾದರಿಯ ಸಣ್ಣ ಡಬ್ಬಿಯನ್ನು ಕೊಂಡುಹೋಗಿ. ನೇರ ಗೋಡೆಗೆ ಹಚ್ಚುವ ಬದಲು, ಎರಡಡಿ ಚೌಕದ ಪ್ಲೈವುಡ್ ಅಥವಾ ಹಾರ್ಡ್‌ಬೋರ್ಡ್ ತುಂಡಿಗೆ ಪ್ರೈಮರ್ ಹೊಡೆದು, ಮೇಲೆ ಎರಡು ಕೋಟು ಹಚ್ಚಿ ಒಣಗಿಸಿ. ಗೋಡೆಗೇ ಹಚ್ಚಿದರೆ ಸುತ್ತಲಿನ ಪುಟ್ಟಿಯ ಬಿಳುಪು ಕಣ್ಣನ್ನು ಮೋಸಗೊಳಿಸುತ್ತದೆ; ಹಲಗೆಯಾದರೆ ನೆಲದ ಹತ್ತಿರ, ಕಿಟಕಿಯ ಎದುರು, ಕತ್ತಲ ಮೂಲೆಯಲ್ಲಿ ಎಲ್ಲೆಂದರಲ್ಲಿ ಇಟ್ಟು ನೋಡಬಹುದು. ಬೆಳಿಗ್ಗೆ, ನಡುಹಗಲು, ಸಂಜೆ, ಮತ್ತು ದೀಪ ಹಾಕಿದ ಮೇಲೆ ನೋಡಬೇಕು. ದೀಪದ ಮಾತು ಬಂದುದರಿಂದ ಹೇಳುತ್ತೇನೆ, ಎಲ್‌ಇಡಿಯ ಪೆಟ್ಟಿಗೆಯ ಮೇಲೆ 3000, 4000, 6500 ಎಂದು ಕೆಲ್ವಿನ್ ಸಂಖ್ಯೆ ಇರುತ್ತದೆ. 3000 ಎಂದರೆ ಹಳದಿ ಬೆಳಕು, 6500 ಎಂದರೆ ನೀಲಿಬಿಳಿ. ಮನೆಗೆ ಯಾವ ಬಲ್ಬನ್ನು ಹಾಕುತ್ತೀರೋ ಅದರ ಕೆಳಗೆಯೇ ಹಲಗೆಯನ್ನು ನೋಡಿ. ಚಾವಡಿಗೆ 6500 ಹಾಕಿದರೆ ಎಷ್ಟು ಒಳ್ಳೆಯ ಬೆಚ್ಚಗಿನ ಬಿಳಿಯೂ ರಾತ್ರಿ ಹೊತ್ತು ಸತ್ವ ಕಳೆದುಕೊಳ್ಳುತ್ತದೆ. 4000ವೇ ನನಗೆ ಸಮಾಧಾನ ಕೊಡುವುದು.

ಕಿಟಕಿಯ ಸರಳುಗಳಿಗೆ ಬಿಳಿ ಎಣ್ಣೆ ಪೈಂಟ್, ಅಂದರೆ ಸಾಮಾನ್ಯ ಎನಾಮೆಲ್, ಹಚ್ಚುವುದನ್ನು ಮರುಪರಿಶೀಲಿಸಿ. ಎಣ್ಣೆಯ ಆಧಾರದ ಬಿಳಿ ಕಾಲಕ್ರಮೇಣ ಹಳದಿಯಾಗುತ್ತದೆ, ಅದರಲ್ಲೂ ಬೆಳಕು ಕಡಿಮೆಯಿರುವಲ್ಲಿ ಬೇಗ. ಸೂರಿನ ನೆರಳಿನ ಕಿಟಕಿಗಳಲ್ಲಿ ಸರಳು ಹಳದಿ, ಗೋಡೆ ಬಿಳಿ ಎಂದಾಗುತ್ತದೆ. ನೀರಿನ ಆಧಾರದ ಎನಾಮೆಲ್ ಈಗ ಸಿಗುತ್ತದೆ, ಅದು ಹಾಗೆ ಹಳದಿಯಾಗುವುದಿಲ್ಲ. ಕಬ್ಬಿಣಕ್ಕೆ ತುಕ್ಕುನಿರೋಧಕ ಪ್ರೈಮರ್ ಮಾತ್ರ ಕಡ್ಡಾಯ, ಕಡಲಿನ ಗಾಳಿಯ ಊರು ನಮ್ಮದು.


ಉತ್ತರ
ಬರೆದವರು: ಹಳೆಮನೆ, ಕಲ್ಯಾಣಪುರ

ನಿಮ್ಮ ಅಮ್ಮನವರು ಬಯಸುವ ಸುಣ್ಣದ ಬಿಳುಪಿನ ಬಗ್ಗೆ ಯಾರೂ ಬರೆಯದ ಕಾರಣ ನಾನು ಬರೆಯುತ್ತಿದ್ದೇನೆ. ನಮ್ಮದು ಹಂಚಿನ ಹಳೆಯ ಮನೆ. ಒಳಗಿನ ಎರಡು ಕೋಣೆಗಳಿಗೂ ಪಾಗಾರಕ್ಕೂ (ಕಾಂಪೌಂಡ್ ಗೋಡೆಗೂ) ಇಂದಿಗೂ ಸುಣ್ಣವನ್ನೇ ಬಳಿಯುತ್ತೇವೆ.

ಹೊಳೆಯ ಅಳಿವೆಗಳಲ್ಲಿ ಸಿಗುವ ಚಿಪ್ಪನ್ನು ಸುಟ್ಟು ಮಾಡುವ ಸುಣ್ಣ ನಮ್ಮ ಕರಾವಳಿಯದೇ ಆದ ವಸ್ತು. ಸುಟ್ಟ ಚಿಪ್ಪಿಗೆ ನೀರು ಹಾಕಿದಾಗ ಕುದಿದು ಅರಳುತ್ತದೆ, ಅದನ್ನು ನೀರಿನಲ್ಲಿಯೇ ಬಿಟ್ಟು, ಸೋಸಿ, ತೆಳುವಾಗಿ ಬಳಿಯಬೇಕು. ಬಳಿದ ಹೊತ್ತಿನಲ್ಲಿ ಗೋಡೆ ಬೆಳ್ಳಗಾಗುವುದೇ ಇಲ್ಲ. ಹಸಿ ಗೋಡೆಯಲ್ಲಿ ಒಳಗಿನ ಕಲೆಗಳೆಲ್ಲ ಹಾಗೆಯೇ ಕಾಣುತ್ತಿರುತ್ತವೆ. ಒಣಗುತ್ತ ಬಂದಂತೆ ಅಂಚಿನಿಂದ ಒಳಕ್ಕೆ ಬಿಳುಪು ಮೂಡುತ್ತ ಬರುತ್ತದೆ. ಮುಂದೆ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಚಿಪ್ಪಿನದೇ ವಸ್ತುವಾದ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಗಟ್ಟಿಯಾಗುತ್ತದೆ. ಪೈಂಟಿನ ಹಾಗೆ ಮೇಲೊಂದು ಪೊರೆ ಇಲ್ಲದಿರುವುದರಿಂದ ಗೋಡೆಯ ತೇವ ಹೊರಗೆ ಹೋಗುತ್ತದೆ, ಹೊಸ ಸುಣ್ಣದ ಕ್ಷಾರಕ್ಕೆ ಬೂಸ್ಟು ಬೇಗ ಹಿಡಿಯುವುದಿಲ್ಲ. ಹಿರಿಯರು ಅದಕ್ಕೆ ಬಟ್ಟೆಗೆ ಹಾಕುವ ನೀಲಿಯನ್ನು ಒಂದಿಷ್ಟು ಬೆರೆಸುತ್ತಿದ್ದರು. ಸುಣ್ಣದ ಸಹಜ ಹಳದಿಯನ್ನು ಅಡಗಿಸುವುದು ಅದರ ಉದ್ದೇಶ. ನೀಲಿ ಹೆಚ್ಚಾದ ಗೋಡೆಯನ್ನು ಬಾಲ್ಯದಲ್ಲಿ ಕಂಡವರಿಗೆ ಅದರ ತಣ್ಣನೆಯ ಛಾಯೆ ನೆನಪಿರಬಹುದು. ನಿಮ್ಮ ಅಮ್ಮನವರ ಮನಸ್ಸಿನಲ್ಲಿರುವುದು ನೀಲಿ ಹಾಕಿದ ಬಿಳುಪೋ, ಹಾಕದ್ದೋ ಎಂದು ಅವರನ್ನೇ ಕೇಳಿ ನೋಡಿ, ಶೇಡಿನ ಆಯ್ಕೆಗೆ ಅದರಿಂದ ನಿಜವಾದ ಸಹಾಯವಾಗುತ್ತದೆ.

ಆದರೆ ಪುಟ್ಟಿ ಹಾಕಿ ಉಜ್ಜಿದ ನುಣುಪು ಗೋಡೆಗೆ ಸುಣ್ಣ ಹಿಡಿಯುವುದಿಲ್ಲ. ಅದಕ್ಕೆ ನೀರು ಹೀರುವ ಒರಟು ಗೋಡೆ ಬೇಕು. ಸುಣ್ಣದ ಮೇಲೆ ಎಮಲ್ಷನ್, ಅಂದರೆ ಗೋಡೆಗೆ ಹಚ್ಚುವ ನೀರಿನ ಆಧಾರದ ಪೈಂಟ್, ಕೂಡ ನಿಲ್ಲುವುದಿಲ್ಲ, ಪುಡಿಯ ಮೇಲೆ ಕೂತ ಪೊರೆ ಒಂದೆರಡು ಮಳೆಗಾಲದಲ್ಲಿ ಸಿಪ್ಪೆಯಾಗಿ ಏಳುತ್ತದೆ. ಆದುದರಿಂದ ಪುಟ್ಟಿ ಇನ್ನೂ ಹಾಕದ ಕೋಣೆ ಯಾವುದಾದರೂ ಉಳಿದಿದ್ದರೆ ಅದನ್ನು ಸುಣ್ಣಕ್ಕೆ ಬಿಟ್ಟುಕೊಡಿ ಎಂದು ಮನಃಪೂರ್ವಕವಾಗಿ ಕೇಳಿಕೊಳ್ಳುತ್ತೇನೆ. ಹಿಂಬದಿಯ ಉಗ್ರಾಣವಾದರೂ ಆದೀತು.

ಹಳೆಯ ಮನೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗೊಂದು ಮಾತು. ಹಳೆಯ ಕಿಟಕಿ ಬಾಗಿಲುಗಳ ಬಿಳಿ ಎಣ್ಣೆ ಪೈಂಟಿನಲ್ಲಿ ಸೀಸ ಇರುವ ಸಾಧ್ಯತೆಯಿದೆ. ಮನೆಬಳಕೆಯ ಪೈಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಪೈಂಟನ್ನು ಒಣಗಿದ್ದಂತೆಯೇ ಉಜ್ಜಿ ಧೂಳೆಬ್ಬಿಸಬಾರದು. ನೀರು ಹಾಕಿ ಉಜ್ಜಬೇಕು, ಮಕ್ಕಳನ್ನು ಹತ್ತಿರ ಬಿಡಬಾರದು.


ಪ್ರತಿಕ್ರಿಯೆ
ಬರೆದವರು: ಬ್ರಹ್ಮಾವರ ನಿವಾಸಿ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಚಾವಡಿಯ ಗೋಡೆಯ ಬುಡವನ್ನು ಬೆಳಿಗ್ಗೆ ಗಮನಿಸಿದೆ, ಗುಲಾಬಿ ಛಾಯೆ ಬರೆದಂತೆಯೇ ಇದೆ. ಅಮ್ಮನನ್ನೂ ಕೇಳಿದೆ; ಅವರ ಮನಸ್ಸಿನಲ್ಲಿರುವುದು ನೀಲಿ ಹಾಕದ ಸುಣ್ಣ, ಹೊಳಪು ಸ್ವಲ್ಪವೂ ಇರಬಾರದು ಎಂಬುದೇ ಅವರ ಮುಖ್ಯ ಬೇಡಿಕೆ. ದೇವರ ಕೋಣೆಗೆ ಇನ್ನೂ ಪುಟ್ಟಿ ಹಾಕಿಲ್ಲ, ಅಲ್ಲಿಗೆ ಸುಣ್ಣವೇ ಇರಲಿ ಎಂದು ನಿರ್ಧರಿಸಿದ್ದೇವೆ. ಚಾವಡಿಗೆ ಬೂದಿ ಛಾಯೆಯ ಎರಡು ಬಿಳಿಗಳನ್ನು ಹಲಗೆಯ ಮೇಲೆ ಹಚ್ಚಿ ನೋಡಲಿದ್ದೇವೆ, ಎರಡರ ಎಲ್‌ಆರ್‌ವಿಯೂ 80ರ ಮೇಲಿದೆ.

ಇನ್ನೆರಡು ಸಂದೇಹಗಳಿವೆ. ಹೊರಗೋಡೆಗೂ ಇದೇ ಬಿಳಿಯನ್ನು ಹಚ್ಚಬಹುದೇ? ಮಳೆಗಾಲದಲ್ಲಿ ಪಾಚಿ ಹಿಡಿಯುವ ಭಯವಿದೆ. ಹಾಗೆಯೇ, ಮೇಸ್ತ್ರಿಯವರು ಹೇಳಿದ ತೇಪೆಯ ಸಮಸ್ಯೆಗೆ ಏನು ಮಾಡಬೇಕು? ಯಂತ್ರದಲ್ಲಿ ಬೆರೆಸಿದ ಬಿಳಿ ಮುಂದೆ ಅದೇ ರೀತಿ ಸಿಗುವುದಿಲ್ಲ ಎನ್ನುತ್ತಾರೆ.


ಉತ್ತರ
ಬರೆದವರು: ವಾಸ್ತುಶಿಲ್ಪಿ, ಮಂಗಳೂರು

ದೇವರ ಕೋಣೆಗೆ ಸುಣ್ಣ ಒಳ್ಳೆಯ ತೀರ್ಮಾನ. ದೀಪದ ಮಸಿ ಹಿಡಿದರೂ ವರ್ಷಕ್ಕೊಮ್ಮೆ ಸುಲಭವಾಗಿ ಮರುಬಳಿಯಬಹುದು.

ಹೊರಗೋಡೆಗೆ ಒಳಗಿನ ಶೇಡ್ ಸಲ್ಲುವುದಿಲ್ಲ. ಹೊರಗಿನ ಬಿಸಿಲಿನಲ್ಲಿ ಯಾವ ಬಿಳಿಯೂ ಕಾರ್ಡಿನಲ್ಲಿ ಕಂಡದ್ದಕ್ಕಿಂತ ಬಹಳ ಹೆಚ್ಚು ಬಿಳಿಯಾಗಿ ಕಾಣುತ್ತದೆ, ಮಾರ್ಚ್ ತಿಂಗಳ ಮಧ್ಯಾಹ್ನ ಕಣ್ಣು ಬಿಟ್ಟು ನೋಡಲಾಗುವುದಿಲ್ಲ. ಅದಕ್ಕಿಂತ ಎರಡು ಮೂರು ಮೆಟ್ಟಿಲು ಗಾಢವಾದ, ಬೂದಿ ಅಥವಾ ಮಣ್ಣಿನ ಕಡೆಗೆ ವಾಲಿದ ಬಿಳಿಯನ್ನು ಆರಿಸಿ; ಬಿಸಿಲಿನಲ್ಲಿ ಅದೇ ಬಿಳಿಯಾಗಿ ತೋರುತ್ತದೆ. ಕೆಂಪು ಹಂಚಿನ ಕೆಳಗೆ ಅದು ಹೆಚ್ಚು ಗಂಭೀರವಾಗಿಯೂ ಇರುತ್ತದೆ.

ನಮ್ಮ ಜಿಲ್ಲೆಗಳಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟೋ ಅದಕ್ಕೂ ಹೆಚ್ಚೋ ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನ ಒಳಗೆ. ನಾಲ್ಕಡಿಯ ಸೂರು ಗೋಡೆಯ ಮೇಲ್ಭಾಗವನ್ನು ಕಾಯುತ್ತದೆ. ತೊಂದರೆಯಾಗುವುದು ಬುಡದಲ್ಲಿ: ಸೂರಿನಿಂದ ಇಳಿದ ನೀರು ನೆಲಕ್ಕೆ ಬಡಿದು, ಇಂಟರ್‌ಲಾಕ್ ಇಲ್ಲದ ಬದಿಗಳಲ್ಲಿ ಕೆಂಪು ಮಣ್ಣನ್ನು ಎರಡಡಿ ಎತ್ತರಕ್ಕೆ ಸಿಡಿಸುತ್ತದೆ. ಹಳೆಯ ಮನೆಗಳಲ್ಲಿ ಗೋಡೆಯ ಬುಡಕ್ಕೆ ಕೆಂಪು ಅಥವಾ ಕಪ್ಪು ಪಟ್ಟಿ ಬಳಿಯುತ್ತಿದ್ದುದು ಇದಕ್ಕೇ ಹೊಂದುವ ಉಪಾಯ. ನೀವೂ ಎರಡೂವರೆ ಅಡಿಯವರೆಗೆ ಇಟ್ಟಿಗೆಗೆಂಪು ಅಥವಾ ಗಾಢ ಬೂದಿಯ ಪಟ್ಟಿಯನ್ನು ಬಳಿಸಿ, ಸೂರಿನ ಹನಿ ಬೀಳುವ ಸಾಲಿಗೆ ಜಲ್ಲಿ ಹಾಕಿಸಿ. ಪಾಗಾರಕ್ಕೆ ಮಾತ್ರ ಬಿಳಿ ಬೇಡವೇ ಬೇಡ. ಅದಕ್ಕೆ ಸೂರಿಲ್ಲ, ತಲೆಯ ಮೇಲೆ ನೀರು ನಿಲ್ಲುತ್ತದೆ, ಒಂದೇ ಮಳೆಗಾಲದಲ್ಲಿ ಕಪ್ಪು ಇಳಿಗೆರೆಗಳು ಬರುತ್ತವೆ.

ಪಾಚಿನಿರೋಧಕ ಸೇರಿಸಿದ ಹೊರಗೋಡೆಯ ಎಮಲ್ಷನನ್ನೇ ಬಳಸಿ. ಸಾರಣೆಗೆ ಕನಿಷ್ಠ 28 ದಿನ ಆಗಿರಬೇಕು ಎಂಬುದು ಸಾಮಾನ್ಯ ನಿಯಮ. ನಮ್ಮ ತೇವದ ಹವೆಯಲ್ಲಿ ಅದಕ್ಕಿಂತ ಹೆಚ್ಚು ಬಿಟ್ಟರೆ ಇನ್ನೂ ಉತ್ತಮ. ಒದ್ದೆ ಗೋಡೆಗೆ ಹಚ್ಚಿದರೆ ಉಪ್ಪು ಹೊರಬಂದು ಪೈಂಟಿನ ಕೆಳಗೆ ಬಿಳಿ ಪುಡಿಯಾಗಿ ಉಬ್ಬುತ್ತದೆ. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕು ಅಂಚಿಗೂ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಮರುದಿನ ತೆಗೆದು ನೋಡಿ. ಒಳಬದಿಯಲ್ಲಿ ನೀರಿನ ಹನಿ ಕಟ್ಟಿದ್ದರೆ ಇನ್ನೂ ಕಾಯಬೇಕು.


ಉತ್ತರ
ಬರೆದವರು: ಪೈಂಟ್ ವ್ಯಾಪಾರಿ, ಉಡುಪಿ

ತೇಪೆಯ ಬಗ್ಗೆ ಮೇಸ್ತ್ರಿಯವರು ಹೇಳಿದ್ದರಲ್ಲಿ ಸತ್ಯವಿದೆ. ಅತಿ ತಿಳಿಯಾದ ಬಿಳಿಗಳಿಗೆ ಯಂತ್ರ ಹಾಕುವ ಬಣ್ಣ ಕೆಲವೇ ಹನಿ. ಅದರಲ್ಲಿ ಅರ್ಧ ಹನಿ ಹೆಚ್ಚು ಕಡಿಮೆಯಾದರೂ ಗೋಡೆಯಲ್ಲಿ ಗೊತ್ತಾಗುತ್ತದೆ. ಹಾಗಾಗಿ ಒಂದು ಲೀಟರಿನ ಡಬ್ಬಿಗಳಲ್ಲಿ ಬಿಡಿಬಿಡಿಯಾಗಿ ಮಾಡಿಸಬೇಡಿ. ಬೇಕಾದಷ್ಟನ್ನು ಲೆಕ್ಕ ಹಾಕಿ ದೊಡ್ಡ ಬಕೆಟುಗಳಲ್ಲಿ ಒಂದೇ ದಿನ, ಒಂದೇ ಬ್ಯಾಚಿನ ಬೇಸ್‌ನಲ್ಲಿ (ಬಣ್ಣ ಬೆರೆಸುವ ಮೂಲ ಪೈಂಟಿನಲ್ಲಿ) ಮಾಡಿಸಿ. ಮನೆಗೆ ತಂದ ಮೇಲೆ ಎಲ್ಲ ಬಕೆಟುಗಳನ್ನು ಒಂದು ದೊಡ್ಡ ಪಾತ್ರೆಯಲ್ಲಿ ಕೂಡಿಸಿ ಕಲಸಿ, ಮತ್ತೆ ಅವುಗಳಿಗೇ ತುಂಬಿಸಲು ಮೇಸ್ತ್ರಿಯವರಿಗೆ ಹೇಳಿ. ಕೆಲಸ ಸ್ವಲ್ಪ ಹೆಚ್ಚು, ಆದರೆ ಗೋಡೆಯ ನಡುವೆ ಬಕೆಟ್ ಬದಲಾದ ಗೆರೆ ಕಾಣುವುದಿಲ್ಲ.

ಉಳಿದ ಪೈಂಟಿಗೆ ನೀರು ಬೆರೆಸದೆ, ಗಾಳಿಯಾಡದ ಸಣ್ಣ ಡಬ್ಬಿಯಲ್ಲಿ ಬಾಯಿತುಂಬ ತುಂಬಿಸಿ, ನೆರಳಿನಲ್ಲಿಡಿ. ಶೇಡಿನ ಸಂಖ್ಯೆ, ದರ್ಜೆ, ಬ್ಯಾಚ್ ಸಂಖ್ಯೆ, ತಿಂಗಳು ಇಷ್ಟನ್ನು ಮುಚ್ಚಳದ ಮೇಲೆ ಬರೆದಿಡಿ. ಒಂದೆರಡು ವರ್ಷದ ಮೇಲೆ ಗೋಡೆಯ ನಡುವೆ ಕಲೆಯಾದರೆ, ಅದೇ ಪೈಂಟಿನಲ್ಲಿಯೂ ಚುಕ್ಕೆ ತೇಪೆ ಎದ್ದು ಕಾಣುತ್ತದೆ, ಏಕೆಂದರೆ ಅಷ್ಟರಲ್ಲಿ ಗೋಡೆಯ ಮೈಯೇ ಸ್ವಲ್ಪ ಬದಲಾಗಿರುತ್ತದೆ. ಮೂಲೆಯಿಂದ ಮೂಲೆಯವರೆಗೆ ಆ ಒಂದು ಗೋಡೆಯನ್ನು ಪೂರ್ತಿಯಾಗಿ ಹಚ್ಚಿಸಿಬಿಡಿ. ಎರಡು ಗೋಡೆಗಳಿಗೆ ಬೆಳಕು ಬೇರೆ ಬೇರೆ ಕೋನದಿಂದ ಬೀಳುವುದರಿಂದ ಮೂಲೆಯಲ್ಲಿ ವ್ಯತ್ಯಾಸ ಯಾರ ಗಮನಕ್ಕೂ ಬರುವುದಿಲ್ಲ. ಹಲಗೆಗಳನ್ನು ನೋಡಿ ಶೇಡ್ ನಿರ್ಧಾರವಾದ ಮೇಲೆ ಕೋಣೆಗಳ ಉದ್ದ, ಅಗಲ, ಎತ್ತರ ಬರೆದು ತಿಳಿಸಿದರೆ, ಎಷ್ಟು ಲೀಟರ್ ಬೇಕೆಂಬ ಲೆಕ್ಕವನ್ನು ಇಲ್ಲಿಯೇ ಹಾಕಿ ಕೊಡುತ್ತೇನೆ.